ಅತ್ತಿಗೆ, ಮೊದಲು ಎಡಗಡೆ ಪ್ಯಾಡಲ್ ಕಲಿಯಿರಿ

ಅತ್ತಿಗೆ, ಬೆಳಿಗ್ಗೆ ನೀವು ಹಾಕಿದ ಮೆಸೇಜ್ ಈಗ ನೋಡಿದೆ. ಹೊಸ ಆಟೋಮ್ಯಾಟಿಕ್ ಬ್ರೆಝಾ ಕಾರಿನಲ್ಲಿ ಸ್ಟೇರಿಂಗ್ ಹಿಂದೆ ಎಡಕ್ಕೊಂದು ಬಲಕ್ಕೊಂದು ಗೇರ್ ಬದಲಿಸುವ ಪ್ಯಾಡಲ್ ಇದೆ, ಅದನ್ನು ಯಾವಾಗ ಎಳೆಯಬೇಕು, ಮುಂದಿನ ವಾರ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವಾಗ ಅದು ಬೇಕಾಗುತ್ತದಾ ಅಂತ ಕೇಳಿದ್ದೀರಿ. ಅದರ ಕೆಳಗೆ ಆಗಲೇ ಉತ್ತರಗಳ ಸಾಲು. ಅಣ್ಣ 'ಮುಟ್ಟಬೇಡ, ಗೇರ್‌ಬಾಕ್ಸ್ ಹೋಗುತ್ತೆ' ಅಂದಿದ್ದಾನೆ. ದೊಡ್ಡಪ್ಪ 'ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಬಿಡು, ಪೆಟ್ರೋಲ್ ಉಳಿಯುತ್ತೆ' ಅಂದಿದ್ದಾರೆ. ಪುಟ್ಟ 'ಅದು ರೇಸ್ ಕಾರಿಂದು, ನಮಗೆ ಸುಮ್ನೆ ಶೋಕಿ' ಅಂದಿದ್ದಾನೆ. ಎಲ್ಲರಿಗೂ ಸೇರಿಸಿ ಒಂದೇ ಮೆಸೇಜಲ್ಲಿ ಹೇಳುತ್ತೇನೆ. ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳಿ.

ಮೊದಲು ಅಣ್ಣನ ಭಯ. ಪ್ಯಾಡಲ್ ಎಳೆದ ತಕ್ಷಣ ನಾವೇ ಗೇರ್ ಹಾಕಿದ ಹಾಗೆ ಆಗುವುದಿಲ್ಲ. ಅದೊಂದು ಸ್ವಿಚ್ ಅಷ್ಟೇ. 'ಒಂದು ಗೇರ್ ಕೆಳಗೆ ಬೇಕು' ಅಂತ ನಾವು ಕೇಳುತ್ತೇವೆ, ಕೊಡಬೇಕೋ ಬೇಡವೋ ಅಂತ ಕಾರಿನ ಕಂಪ್ಯೂಟರ್ ನೋಡುತ್ತದೆ. ಎಂಬತ್ತರಲ್ಲಿ ಹೋಗುತ್ತಾ ಫಸ್ಟ್ ಗೇರ್ ಕೇಳಿದರೆ ಅದು ಕೊಡುವುದೇ ಇಲ್ಲ. ಕೊಟ್ಟರೆ ಇಂಜಿನ್ ತನ್ನ ವೇಗದ ಮಿತಿಯ ಕೆಂಪು ಗೆರೆ ದಾಟುತ್ತದೆ ಅಂತ ಅದಕ್ಕೆ ಗೊತ್ತು. ಹಾಗೆಯೇ ನಿಧಾನ ಮಾಡುತ್ತಾ ಬಂದು ಗೇರ್ ಇಳಿಸಲು ಮರೆತರೂ ತಾನೇ ಇಳಿಸಿಕೊಳ್ಳುತ್ತದೆ. ಮ್ಯಾನುಯಲ್ ಕಾರಿನ ಹಾಗೆ ಜರ್ಕ್ ಹೊಡೆದು ಆಫ್ ಆಗುವುದಿಲ್ಲ. ಇದರಲ್ಲಿ ಹಾಳು ಮಾಡುವುದಕ್ಕೆ ಜಾಸ್ತಿ ದಾರಿಯೇ ಇಲ್ಲ ಅಣ್ಣ.

ಪುಟ್ಟ ಹೇಳಿದ್ದು ಅರ್ಧ ನಿಜ. 1989ರಲ್ಲಿ ಫೆರಾರಿಯವರು ಫಾರ್ಮುಲಾ ಒನ್ ಕಾರಿಗೆ ಇದನ್ನು ಹಾಕಿದರು. ಬ್ರೆಜಿಲ್‌ನಲ್ಲಿ ಮೊದಲ ರೇಸಿಗೇ ನೈಜೆಲ್ ಮ್ಯಾನ್ಸೆಲ್ ಅದರಲ್ಲಿ ಗೆದ್ದರು. ಆದರೆ ಹಾಕಿದ್ದು ಯಾಕೆ? ತಿರುವಿನಲ್ಲಿ ಗೇರ್ ಬದಲಿಸಲು ಸ್ಟೇರಿಂಗಿಂದ ಕೈ ತೆಗೆಯಬಾರದು ಅಂತ. ಆಗುಂಬೆಯ ತಿರುವಿನಲ್ಲಿ ನಮಗೂ ಬೇಕಾದ್ದು ಅದೇ ಅಲ್ವಾ? ಶೋಕಿ ಅಂದರೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ರಾತ್ರಿ ಹತ್ತಕ್ಕೆ ಪ್ಯಾಡಲ್ ಎಳೆದು ಬುರ್ ಅನ್ನಿಸುವುದು. ಅದು ಯಾರು ಮಾಡುತ್ತಾರೆ ಅಂತ ಈ ಗ್ರೂಪಲ್ಲಿ ಹೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಬಲಗಡೆ ಪ್ಲಸ್, ಎಡಗಡೆ ಮೈನಸ್. ಪ್ಲಸ್ ಎಳೆದರೆ ಗೇರ್ ಏರುತ್ತದೆ, ಮೈನಸ್ ಎಳೆದರೆ ಇಳಿಯುತ್ತದೆ. ಪ್ಲಸ್ಸನ್ನು ಸದ್ಯಕ್ಕೆ ಮರೆತುಬಿಡಿ, ಏರಿಸುವ ಕೆಲಸ ಕಾರು ನಮಗಿಂತ ಚೆನ್ನಾಗಿ ಮಾಡುತ್ತದೆ. ನಿಮಗೆ ಬೇಕಾದ್ದು ಮೈನಸ್. ಅದೂ ಇಳಿಜಾರಿಗೆ.

ಯಾಕೆ ಅಂತ ಹೇಳುತ್ತೇನೆ. ಡಿ ಮೋಡಿನಲ್ಲಿ, ಅಂದರೆ ಕಾರು ತಾನೇ ಗೇರ್ ಬದಲಿಸುವಾಗ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಗೇರ್‌ಬಾಕ್ಸ್ 'ಇವರಿಗೆ ಇನ್ನು ಜೋರು ಬೇಡ' ಅಂದುಕೊಂಡು ಮೇಲಿನ ಗೇರಿಗೆ ಹೋಗುತ್ತದೆ. ಸಮತಟ್ಟು ರಸ್ತೆಯಲ್ಲಿ ಅದು ಸರಿ, ಮೈಲೇಜ್ ಬರುತ್ತದೆ. ಘಾಟಿಯಲ್ಲಿ ಅದೇ ಎಡವಟ್ಟು. ಮೇಲಿನ ಗೇರಿನಲ್ಲಿ ಇಂಜಿನ್ ಕಾರನ್ನು ಹಿಡಿಯುವುದಿಲ್ಲ, ಗಾಡಿ ತಾನಾಗಿ ಓಡುತ್ತದೆ, ನೀವು ಬ್ರೇಕ್ ಒತ್ತುತ್ತಲೇ ಇರಬೇಕಾಗುತ್ತದೆ. ಕೆಲವು ಕಾರುಗಳು ಇಳಿಜಾರು ಅಂತ ಗುರುತಿಸಿ ತಾವೇ ಗೇರ್ ಇಳಿಸುತ್ತವೆ. ಆದರೆ ಮುಂದೆ ಹಿಂದಕ್ಕೇ ಸುತ್ತುವ ಹೇರ್‌ಪಿನ್ ತಿರುವು ಇದೆ ಅಂತ ಅದಕ್ಕೆ ಕಾಣುವುದಿಲ್ಲ. ನಿಮಗೆ ಕಾಣುತ್ತದೆ.

ಆಗುಂಬೆಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಮೇಲಿಂದ ಘಾಟಿಯ ಕೆಳಗಿನ ಸೋಮೇಶ್ವರದವರೆಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾಯುತ್ತದೆ, ಡಿಸ್ಕ್ ಕಾಯುತ್ತದೆ. ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಇನ್ನೂ ಕಾದರೆ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದು ಕುದಿಯಲೂಬಹುದು, ಆಗ ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಅದಕ್ಕೇ ಹಳೇ ಬಸ್ ಡ್ರೈವರ್‌ಗಳು 'ಹತ್ತಿದ ಗೇರಿನಲ್ಲೇ ಇಳಿ' ಅನ್ನುವುದು. ಅಡಿಕೆ ಮೂಟೆ ಹೊತ್ತವನು ಇಳಿಜಾರಿನಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಇಳಿಯುತ್ತಾನಲ್ಲ, ಕೆಳಗಿನ ಗೇರ್ ಮಾಡುವುದೂ ಅದನ್ನೇ.

ದೊಡ್ಡಪ್ಪ, ಈಗ ನಿಮ್ಮ ನ್ಯೂಟ್ರಲ್ ವಿಷಯ. ಬೇಜಾರು ಮಾಡ್ಕೋಬೇಡಿ. ನೀವು ಓಡಿಸಿದ್ದು ಕಾರ್ಬೊರೇಟರ್ ಗಾಡಿ. ಅದರಲ್ಲಿ ಗೇರ್ ಇದ್ದರೂ ಇಂಜಿನ್ ಪೆಟ್ರೋಲ್ ಎಳೆಯುತ್ತಿತ್ತು, ಹಾಗಾಗಿ ಆಗ ನೀವು ಹೇಳಿದ್ದಕ್ಕೆ ಅರ್ಥ ಇತ್ತು. ಈಗಿನವು ಫ್ಯುಯೆಲ್ ಇಂಜೆಕ್ಷನ್. ಗೇರ್ ಇದ್ದು, ಗಾಡಿ ಓಡುತ್ತಿದ್ದು, ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ಆಫ್ ಆಗದಿರಲು ಪೆಟ್ರೋಲ್ ಕುಡಿಯುತ್ತಲೇ ಇರಬೇಕು. ಅಂದರೆ ಈಗ ನ್ಯೂಟ್ರಲ್ಲೇ ದುಬಾರಿ! ನಂಬಿಕೆ ಬರದಿದ್ದರೆ ಮೀಟರಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಗೆರೆ ಇರುತ್ತದಲ್ಲ, ಇಳಿಯುವಾಗ ಅದನ್ನು ನೋಡಿ. ಗೇರಿನಲ್ಲಿ ಇಳಿಯುವಾಗ ಪೂರ್ತಿ ತುದಿಗೆ ಹೋಗಿ ನಿಂತಿರುತ್ತದೆ. ಅತ್ತಿಗೆ, ಓಡುವಾಗ ನೀವು ನೋಡಬೇಡಿ, ದೊಡ್ಡಪ್ಪ ನೋಡಲಿ.

ಕಲಿಯುವುದು ಹೇಗೆ ಅಂದರೆ, ಘಾಟಿಯಲ್ಲೇ ಮೊದಲ ಸಲ ಎಳೆಯಬೇಡಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಬನ್ನಿ. ಗಾಜನೂರು ದಾಟಿ, ಸಕ್ರೆಬೈಲಿನ ಆನೆ ಬಿಡಾರದ ಹತ್ತಿರ ಬೆಳಿಗ್ಗೆ ಟೂರಿಸ್ಟ್ ಗಾಡಿ ಜಾಸ್ತಿ, ಅಲ್ಲಿ ಬೇಡ. ಅದಾದ ಮೇಲೆ ಮಂಡಗದ್ದೆ ಕಡೆ ಹೋಗುವಾಗ ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿ, ನಲವತ್ತರಲ್ಲಿ ಆರಾಮಾಗಿ ಹೋಗಿ. ಆಕ್ಸಿಲರೇಟರ್ ಬಿಡಿ. ಎಡಗೈಯ ಎರಡು ಬೆರಳಿನಲ್ಲಿ ಮೈನಸ್ಸನ್ನು ಒಮ್ಮೆ ನಿಮ್ಮ ಕಡೆಗೆ ಎಳೆದು ಬಿಡಿ. ಹಿಡಿದುಕೊಂಡಿರಬಾರದು, ಟಕ್ ಅಂತ ಎಳೆದು ಬಿಡಬೇಕು. ಮೀಟರಿನಲ್ಲಿ ನಾಲ್ಕು ಅಂತ ಇದ್ದರೆ ಮೂರು ಆಗುತ್ತದೆ. ಇಂಜಿನ್ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಮೇಲೆ ಏಳುತ್ತದೆ. ಇಂಜಿನ್ ಗುಂಯ್ ಅನ್ನುತ್ತದೆ. ಯಾರೋ ಹಿಂದಿನಿಂದ ಮೆಲ್ಲಗೆ ಹಿಡಿದು ಎಳೆದ ಹಾಗೆ ಗಾಡಿ ನಿಧಾನ ಆಗುತ್ತದೆ.

ಆ ಶಬ್ದಕ್ಕೆ ಹೆದರುವುದೇ ಎಲ್ಲರ ತೊಂದರೆ. ಆಟೋಮ್ಯಾಟಿಕ್ ಓಡಿಸುವವರಿಗೆ ಸದ್ದಿಲ್ಲದ ಇಂಜಿನ್ ಅಭ್ಯಾಸ. ಮುಳ್ಳು ಮೂರು ಸಾವಿರ ಮುಟ್ಟಿದರೆ ಏನೋ ಒಡೆಯುತ್ತದೆ ಅನ್ನಿಸುತ್ತದೆ. ಏನೂ ಆಗುವುದಿಲ್ಲ. ಕೆಂಪು ಗೆರೆ ಇನ್ನೂ ಎಷ್ಟೋ ಮೇಲಿದೆ, ಮೂರು ಸಾವಿರ ಆ ಇಂಜಿನ್ನಿಗೆ ಯಾವ ಲೆಕ್ಕವೂ ಅಲ್ಲ. ಅಣ್ಣ ಪಕ್ಕದಲ್ಲಿ ಕೂತು 'ಅಯ್ಯೋ' ಅಂದರೆ ಕೇಳಿಸಿಕೊಳ್ಳಬೇಡಿ.

ಇನ್ನೊಂದು ಮುಖ್ಯ ವಿಷಯ. ಡಿ ಮೋಡಿನಲ್ಲಿ ಇದ್ದುಕೊಂಡು ಪ್ಯಾಡಲ್ ಎಳೆದರೆ ಅದು ತಾತ್ಕಾಲಿಕ. ಸ್ವಲ್ಪ ಹೊತ್ತು ನಿಮ್ಮ ಮಾತು ಕೇಳಿ ಮತ್ತೆ ತನ್ನ ಲೆಕ್ಕಕ್ಕೆ ಹೋಗುತ್ತದೆ. ರಸ್ತೆ ಉಬ್ಬಿಗೋ, ಮುಂದೆ ದನ ಬಂತು ಅಂತಲೋ ಆದರೆ ಅಷ್ಟು ಸಾಕು. ಘಾಟಿಗೆ ಸಾಲದು. ಆಗುಂಬೆ ಊರು ದಾಟಿ ಇಳಿಯುವ ಮೊದಲೇ ಗೇರ್ ಲಿವರನ್ನು ಡಿ ಇಂದ ಎಂ ಗೆ, ಅಂದರೆ ಮ್ಯಾನುಯಲ್ಲಿಗೆ, ಹಾಕಿಕೊಳ್ಳಿ. ಎಂ ನಲ್ಲಿ ನೀವು ಕೊಟ್ಟ ಗೇರನ್ನು ಹಿಡಿದುಕೊಂಡಿರುತ್ತದೆ. ಮೂರರಲ್ಲಿ ಶುರು ಮಾಡಿ, ತಿರುವು ಬಂದಾಗ ಎರಡು. ನೇರ ರಸ್ತೆ ಸಿಕ್ಕಾಗ ಮತ್ತೆ ಮೂರಕ್ಕೆ ಹೋದರೂ ಸರಿ, ಎರಡರಲ್ಲೇ ಉಳಿದರೂ ಸರಿ. ಅಲ್ಲಿ ಯಾರೂ ನಿಮಗೆ ಪ್ರೈಜ್ ಕೊಡುವುದಿಲ್ಲ.

ಎರಡಕ್ಕೆ ಇಳಿಸುವುದು ತಿರುವಿಗೆ ಮೊದಲು, ಸ್ಟೇರಿಂಗ್ ನೇರ ಇದ್ದಾಗ. ಇದನ್ನು ಮಾತ್ರ ಮರೆಯಬೇಡಿ. ಪ್ಯಾಡಲ್ ಇರುವುದು ಸ್ಟೇರಿಂಗ್ ಚಕ್ರದ ಮೇಲೆಯೇ, ಅದರ ಜೊತೆಗೇ ಸುತ್ತುತ್ತದೆ. ಹೇರ್‌ಪಿನ್ನಿನಲ್ಲಿ ಅರ್ಧ ಸುತ್ತು ತಿರುಗಿಸಿದಾಗ ಮೈನಸ್ ಬಲಕ್ಕೆ ಬಂದಿರುತ್ತದೆ, ಪ್ಲಸ್ ಎಡಕ್ಕೆ. ಆಗ ಹುಡುಕಿದರೆ ತಪ್ಪಾಗಿ ಪ್ಲಸ್ ಎಳೆದು, ಇಳಿಜಾರಿನಲ್ಲಿ ಗಾಡಿ ಬಿಟ್ಟುಕೊಟ್ಟ ಹಾಗಾಗುತ್ತದೆ. ಜೊತೆಗೆ ಮಳೆ. ಒದ್ದೆ ರಸ್ತೆ, ಅಂಚಿನಲ್ಲಿ ಪಾಚಿ, ಉದುರಿದ ಎಲೆ. ತಿರುವಿನ ಮಧ್ಯೆ ಒಮ್ಮೆಲೇ ಎರಡು ಗೇರ್ ಇಳಿಸಿದರೆ ಮುಂದಿನ ಚಕ್ರ ಜಾರುವ ಅಪಾಯ ಇದೆ. ಹಾಗಾಗಿ ಮೊದಲು ಬ್ರೇಕ್ ಒತ್ತಿ ಇಪ್ಪತ್ತರ ಹತ್ತಿರ ತನ್ನಿ, ಮೈನಸ್ ಎಳೆಯಿರಿ, ಹಾರ್ನ್ ಹಾಕಿ, ಆಮೇಲೆ ತಿರುಗಿಸಿ. ಬ್ರೇಕ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಒತ್ತಿ, ಬಿಡಿ. ಕಾಲು ಅಲ್ಲೇ ಇಟ್ಟುಕೊಂಡಿರಬೇಡಿ.

ಇಂಜಿನ್ ಹಿಡಿತದಲ್ಲಿ ನಿಧಾನ ಮಾಡಿದಾಗ ಹಿಂದೆ ಬ್ರೇಕ್ ಲೈಟ್ ಹತ್ತುವುದಿಲ್ಲ ಅನ್ನುವುದೂ ನೆನಪಿರಲಿ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಬ್ರೇಕನ್ನು ಸುಮ್ನೆ ಒಮ್ಮೆ ಮುಟ್ಟಿ, ಲೈಟ್ ಕಾಣಲಿ. ಸೂರ್ಯಾಸ್ತ ನೋಡುವ ಜಾಗದ ಹತ್ತಿರ ಇದು ಬೇಕೇ ಬೇಕು. ಅಲ್ಲಿ ಜನ ರಸ್ತೆಯಲ್ಲೇ ನಿಂತು ಸೆಲ್ಫಿ ತೆಗೆಯುತ್ತಾರೆ, ಮಂಗಗಳಿಗೆ ಬಿಸ್ಕೆಟ್ ಹಾಕಲು ಗಾಡಿ ನಿಲ್ಲಿಸುತ್ತಾರೆ. ದೊಡ್ಡ ಲಾರಿಗಳನ್ನು ಘಾಟಿಯಲ್ಲಿ ಬಿಡುವುದಿಲ್ಲ, ಆದರೆ ಮಿನಿ ಬಸ್ ಬರುತ್ತದೆ. ಹತ್ತುವವರಿಗೆ ಮೊದಲು ದಾರಿ, ನೀವು ಮೇಲೆಯೇ ನಿಂತು ಬಿಟ್ಟುಕೊಡಿ.

ವಾಪಸ್ ಹತ್ತುವಾಗಲೂ ಪ್ಯಾಡಲ್ ಉಪಯೋಗಕ್ಕೆ ಬರುತ್ತದೆ. ಡಿ ಯಲ್ಲಿ ಹತ್ತಿದರೆ ಎರಡು, ಮೂರು, ಮತ್ತೆ ಎರಡು ಅಂತ ಗೇರ್‌ಬಾಕ್ಸ್ ಒದ್ದಾಡುತ್ತದೆ. ತಿರುವಿಗೆ ಕಾಲು ತೆಗೆದಾಗ ಮೂರಕ್ಕೆ ಹೋಗುತ್ತದೆ, ಒತ್ತಿದಾಗ ಒಂದು ಕ್ಷಣ ಯೋಚಿಸಿ ಎರಡಕ್ಕೆ ಬರುತ್ತದೆ. ಹಿಂದೆ ಕೂತವರಿಗೆ ವಾಂತಿ ಬರುವುದಕ್ಕೆ ಅದೂ ಒಂದು ಕಾರಣ ಅಂತ ನನ್ನ ಅನುಮಾನ. ಎಂ ಹಾಕಿ ಎರಡರಲ್ಲಿ ಹಿಡಿದರೆ ಒಂದೇ ಸಮನೆ ಹತ್ತುತ್ತದೆ. ಆಗುಂಬೆ ಊರು ಬಂದ ಮೇಲೆ ಡಿ ಗೆ ತರಲು ಮರೆಯಬೇಡಿ, ಇಲ್ಲದಿದ್ದರೆ ತೀರ್ಥಹಳ್ಳಿವರೆಗೂ ಎರಡರಲ್ಲಿ ಕೂಗಿಸಿಕೊಂಡು ಬರುತ್ತೀರಿ.

ಮಣಿಪಾಲದ ಪುಟ್ಟಿ ತನ್ನ ಹೋಂಡಾ ಸಿಟಿ ಬಗ್ಗೆಯೂ ಕೇಳಿದ್ದಾಳೆ. ನಿಂದು ಸಿವಿಟಿ, ಅದರಲ್ಲಿ ನಿಜವಾದ ಗೇರ್ ಇಲ್ಲ. ಎರಡು ಪುಲ್ಲಿ ನಡುವೆ ಬೆಲ್ಟ್ ಇರುತ್ತದೆ, ಪ್ಯಾಡಲ್ ಎಳೆದಾಗ ಗೇರಿನ ಹಾಗೆ ಮೆಟ್ಟಿಲು ಮಾಡಿ ತೋರಿಸುತ್ತದೆ. ಆದರೂ ಇಳಿಜಾರಿನಲ್ಲಿ ಹಿಡಿತ ಸಿಗುತ್ತದೆ, ಹೇಳಿದ್ದರಲ್ಲಿ ಹೆಚ್ಚಿನದು ನಿನಗೂ ಸರಿ. ಪ್ಯಾಡಲ್ ಇಲ್ಲದ ಎಎಂಟಿ, ಅಂದರೆ ಕ್ಲಚ್ ಮತ್ತು ಗೇರನ್ನು ಯಂತ್ರವೇ ಹಾಕುವ ಮ್ಯಾನುಯಲ್ ಗೇರ್‌ಬಾಕ್ಸ್ ಇದ್ದವರು ಲಿವರನ್ನು ಎಂ ಕಡೆ ತಳ್ಳಿ ಅಲ್ಲೇ ಪ್ಲಸ್ ಮೈನಸ್ ಮಾಡಿ.

ಸೋಮೇಶ್ವರದಲ್ಲಿ ಒಮ್ಮೆ ನಿಲ್ಲಿಸಿ ಚಕ್ರದ ಹತ್ತಿರ ಬಗ್ಗಿ. ಸುಟ್ಟ ವಾಸನೆ ಇಲ್ಲ ಅಂದರೆ ಸರಿಯಾಗಿ ಇಳಿಸಿದ್ದೀರಿ. ವಾಸನೆ ಇದ್ದರೆ ಸ್ವಲ್ಪ ಹೊತ್ತು ತಣ್ಣಗಾಗಲು ಬಿಡಿ. ಬಾಟಲಿ ನೀರು ಹಾಕಬೇಡಿ, ಕಾದ ಡಿಸ್ಕ್ ಸೊಟ್ಟಗಾಗಬಹುದು.

ಹೊರಡುವ ದಿನ ನಮ್ಮ ಮನೆಗೆ ತಿಂಡಿಗೆ ಬನ್ನಿ, ತೀರ್ಥಹಳ್ಳಿಯಿಂದ ನಾನೂ ಜೊತೆಗೆ ಬರುತ್ತೇನೆ. ಘಾಟಿ ನೀವೇ ಇಳಿಸಿ, ಪಕ್ಕದ ಸೀಟಲ್ಲಿ ನಾನು ಕೂರುತ್ತೇನೆ. ದೊಡ್ಡಪ್ಪನಿಗೆ ಮೀಟರ್ ಕಾಣುವ ಹಾಗೆ ಹಿಂದೆ ಮಧ್ಯದ ಸೀಟು. ಅಣ್ಣ ಕಿಟಕಿ ಪಕ್ಕ ಕೂತು ಮಂಗ ನೋಡಲಿ.