ಶ್ರುತಿ ಅಕೌಂಟ್ ಬಂದ್ ಆಗಿರೋ ವಿಚಾರ

ದೊಡ್ಡಪ್ಪ, ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡಿ ಕಳಿಸ್ತಿದೀನಿ. ಶ್ರುತಿ ತನ್ನ ಅಫಿಲಿಯೇಟ್ ಅಕೌಂಟ್ (ಅವಳು ಹಾಕೋ ಲಿಂಕಿಂದ ಯಾರಾದ್ರೂ ಸಾಮಾನು ಕೊಂಡ್ರೆ ಕಂಪನಿ ಅವಳಿಗೆ ಕಮಿಷನ್ ಕೊಡೋ ಅಕೌಂಟ್) ಬ್ಯಾನ್ ಮಾಡಿದಾರೆ ಅಂತ ಗ್ರೂಪಲ್ಲಿ ಹಾಕಿದ್ದಕ್ಕೆ ನೀವು "ಏನೂ ಮಾಡದೆ ಸುಮ್ನೆ ಯಾಕೆ ತೆಗೀತಾರೆ" ಅಂದ್ರಿ. ತೆಗೀತಾರೆ ದೊಡ್ಡಪ್ಪ. ತೆಗೆಯೋದು ಎಷ್ಟೋ ಸಲ ಮನುಷ್ಯರೂ ಅಲ್ಲ, ಸಾಫ್ಟ್‌ವೇರ್.

ಅವಳಿಗೆ ಬಂದ ಮೇಲ್ ನೋಡಿದೆ. "ನಿಯಮ ಉಲ್ಲಂಘನೆ" ಅಂತಿದೆ, ಯಾವ ನಿಯಮ ಅಂತಿಲ್ಲ. ಕಾರಣ ಬಿಡಿಸಿ ಹೇಳಿದ್ರೆ ಮೋಸಗಾರರು ತಪ್ಪಿಸ್ಕೊಳ್ಳೋ ದಾರಿ ಕಲೀತಾರೆ ಅನ್ನೋದು ಕಂಪನಿಗಳ ವಾದ. ಇರಬಹುದು. ಆದ್ರೆ ದುಡ್ಡು ಕೊಡಬೇಕಾದವರೇ ತೀರ್ಪನ್ನೂ ಕೊಟ್ರೆ ನ್ಯಾಯ ಎಲ್ಲಿಂದ ಬರಬೇಕು?

ಕಮಿಷನ್ ಕೂಡಲೇ ಕೈಗೆ ಬರಲ್ಲ. ಕೊಂಡವರು ಸಾಮಾನು ವಾಪಸ್ ಮಾಡಬಹುದು ಅಂತ ತಡೆದಿಟ್ಕೋತಾರೆ, ಕೆಲವು ಕಡೆ ತಿಂಗಳು ಮುಗಿದ ಮೇಲೂ ಸುಮಾರು 60 ದಿನ. ಅಕೌಂಟ್ ಮುಚ್ಚಿದ್ರೆ ಎಷ್ಟೋ ಸಲ ಆ ಬಾಕಿಯೂ ಹೋಯ್ತು. ಅವಳ ಹಳೇ ವಿಡಿಯೋಗಳ ಕೆಳಗೆ ಲಿಂಕ್ ಹಾಗೇ ಇವೆ. ಇವತ್ತೂ ಜನ ಒತ್ತುತ್ತಾರೆ, ಕೊಳ್ತಾರೆ. ವ್ಯಾಪಾರ ಅವರಿಗೆ, ಇವಳಿಗೆ ಸೊನ್ನೆ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

ಈಗ ನಮ್ಮ ಗ್ರೂಪಿನ ವಿಷಯ, ಯಾರೂ ಬೇಜಾರು ಮಾಡ್ಕೋಬೇಡಿ. ಶ್ರುತಿ ಇಲ್ಲಿ ಲಿಂಕ್ ಹಾಕಿರ್ಲೇ ಇಲ್ಲ. ಚಿಕ್ಕಮ್ಮ, "ನಮ್ಮ ಹುಡುಗಿಗೆ ನಾಲ್ಕು ಕಾಸು ಆಗ್ಲಿ" ಅಂತ ನೀವೇ ತಂದು ಹಾಕಿದ್ರಿ, ಸುಮಾರು ಜನ ಅದರಿಂದಲೇ ಕೊಂಡ್ರಿ. ಇಂಥ ಹಲವು ಅಫಿಲಿಯೇಟ್ ಪ್ರೋಗ್ರಾಂಗಳಲ್ಲಿ ತನ್ನ ಲಿಂಕಿಂದ ತಾನಾಗ್ಲಿ, ಮನೆಯವರಾಗ್ಲಿ ಕೊಳ್ಳೋ ಹಾಗಿಲ್ಲ. ಒಂದೇ ವೈಫೈ, ಒಂದೇ ವಿಳಾಸ, ಒಂದೇ ಮನೆತನದ ಹೆಸರು ಕಂಡ್ರೆ ಸಾಫ್ಟ್‌ವೇರ್‌ಗೆ ಅದು ಅಕ್ಕರೆ ಅಂತ ಗೊತ್ತಾಗಲ್ಲ, ಸಂಚು ಅನ್ಕೊಳ್ಳಬಹುದು. ಇದೇ ಕಾರಣ ಅಂತ ಅವರು ಹೇಳಿಲ್ಲ, ನನ್ನ ಗುಮಾನಿ ಮಾತ್ರ ಇದರ ಮೇಲೇ.

ಶ್ರುತಿ, ಡ್ಯಾಶ್‌ಬೋರ್ಡ್, ಅಂದ್ರೆ ನಿನ್ನ ಅಕೌಂಟಿನ ಲೆಕ್ಕ ತೋರಿಸೋ ಪೇಜ್, ಇನ್ನೂ ತೆರೀತಿದ್ರೆ ಮೊದಲು ರಿಪೋರ್ಟ್ ಎಲ್ಲಾ ಡೌನ್‌ಲೋಡ್ ಮಾಡ್ಕೋ, ಯಾವಾಗ ಮುಚ್ಚುತ್ತೋ ಗೊತ್ತಿಲ್ಲ. ಆಮೇಲೆ ಅಪೀಲ್. ಒಂದೇ ಮೇಲ್, ಚಿಕ್ಕದಾಗಿ. ಲಿಂಕ್ ಎಲ್ಲೆಲ್ಲಿ ಇವೆ, ಜನ ಎಲ್ಲಿಂದ ಬರ್ತಾರೆ, "ಈ ಲಿಂಕಿಂದ ಕೊಂಡ್ರೆ ನನಗೆ ಕಮಿಷನ್ ಬರತ್ತೆ" ಅಂತ ನೀನು ಮುಂಚಿಂದಲೂ ಹಾಕ್ತಿರೋ ಸಾಲು, ವಿಡಿಯೋ ಯಾರು, ಎಷ್ಟು ನೋಡಿದ್ರು ಅನ್ನೋ ಲೆಕ್ಕದ (ಅನಾಲಿಟಿಕ್ಸ್) ಸ್ಕ್ರೀನ್‌ಶಾಟ್, ಇಷ್ಟು ಇರ್ಲಿ. ಮನೆಯವರು ಕೊಂಡಿದ್ದು ಮುಚ್ಚಿಡಬೇಡ. "ಆ ಆರ್ಡರ್‌ಗಳ ಕಮಿಷನ್ ಕಳೀರಿ, ಮಿಕ್ಕಿದ್ದು ಕೊಡಿ" ಅಂತ ಸ್ಪಷ್ಟವಾಗಿ ಕೇಳು. ಬೈಗುಳ, ಅಳು ಎರಡೂ ಬೇಡ. ನೂರಾರು ಮೇಲ್ ಓದೋರಿಗೆ ಅದು ತಲೆಗೆ ಹೋಗಲ್ಲ.

ಭಾವ, ನಿಮ್ಮ ಹೆಸರಲ್ಲಿ ಹೊಸ ಅಕೌಂಟ್ ಮಾಡೋ ಐಡಿಯಾ ದಯವಿಟ್ಟು ಬಿಡಿ. ಬ್ಯಾಂಕು, ಫೋನು, ವಿಳಾಸ ತಾಳೆ ನೋಡಿದ್ರೆ ಸಿಕ್ಕಿಬೀಳ್ತೀವಿ, ಆಮೇಲೆ ಅಪೀಲಿಗೂ ಬೆಲೆ ಇರಲ್ಲ. ದುಡ್ಡು ತಗೊಂಡು ಅಕೌಂಟ್ ವಾಪಸ್ ಕೊಡಿಸ್ತೀನಿ ಅಂತ ಮೆಸೇಜ್ ಮಾಡೋರನ್ನೂ ನಂಬಬೇಡ ಶ್ರುತಿ.

ಜನ ಜಾಸ್ತಿ ನೋಡೋ ವಿಡಿಯೋಗಳಲ್ಲಿ ಲಿಂಕ್ ಇವತ್ತೇ ತೆಗಿ, ಬೇರೆ ಪ್ರೋಗ್ರಾಂ ಸಿಕ್ಕಿದ ಮೇಲೆ ಅದರದ್ದು ಹಾಕಿದ್ರಾಯ್ತು. ಅಪೀಲ್ ಬರೆದು ನನಗೆ ಕಳ್ಸು, ರಾತ್ರಿ ನೋಡ್ತೀನಿ. ಚಿಕ್ಕಮ್ಮ, ಹೊಸ ಲಿಂಕ್ ಬಂದ್ರೂ ದಯವಿಟ್ಟು ಇಲ್ಲಿ ಹಾಕಬೇಡಿ.