ಹಳೇ ಚೀಟಿ ಕಳೆದರೆ ಹೊಸ ರೋಗಿ ಆಗಿಬಿಡ್ತಾರಾ?

ನಮ್ಮ ಅತ್ತೆಗೆ ಶುಗರ್, ಬಿಪಿ ಎರಡೂ ಇವೆ. ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಮೊನ್ನೆ ಹಳೇ ಚೀಟಿಗಳನ್ನೆಲ್ಲ ಹರಡಿಕೊಂಡು ನೋಡಿದೆ. ಒಬ್ಬರಿಗೇ ನಾಲ್ಕು ನೋಂದಣಿ ನಂಬರ್! ಇಂಗ್ಲಿಷಿನಲ್ಲಿ ಗೌರಮ್ಮ ಅಂತ ಬರೆಯುವಾಗ ಒಬ್ಬರು ‘ಓ’ ಆದಮೇಲೆ ‘ಡಬ್ಲ್ಯೂ’ ಹಾಕಿದ್ದಾರೆ, ಇನ್ನೊಬ್ಬರು ‘ಯು’. ವಯಸ್ಸು ಒಂದರಲ್ಲಿ 68, ಇನ್ನೊಂದರಲ್ಲಿ 62. (62 ನೋಡಿ ಅತ್ತೆಗೆ ಖುಷಿಯೋ ಖುಷಿ.) ಡಾಕ್ಟರು ಕಂಪ್ಯೂಟರ್ ನೋಡಿ, ‘ಹಳೇ ರಿಪೋರ್ಟ್ ಏನೂ ಇಲ್ವಲ್ಲಮ್ಮಾ’ ಅಂದರು. ಸುಮ್ನೆ ಇನ್ನೊಂದು ಸಲ ರಕ್ತ ಕೊಟ್ಟು ಬಂದೆವು. ಆಯುಷ್ಮಾನ್ ಕಾರ್ಡ್ ಮಾಡಿಸಿದ್ದೀವಿ, ಅದರಲ್ಲಿ ಇದೆಲ್ಲ ಇರಲ್ವಾ?

ಉತ್ತರ 1
ನಾನು ಬೇರೆ ಜಿಲ್ಲೆಯಲ್ಲಿ ಚೀಟಿ ಕೌಂಟರಿನಲ್ಲಿ ಕೂರುವವನು. ಹಳೇ ನಂಬರ್ ಹೇಳಿದರೆ ಕ್ಷಣದಲ್ಲಿ ಸಿಗುತ್ತದೆ ಮೇಡಂ. ಹೆಸರಿನಿಂದ ಹುಡುಕಿದರೆ ಹತ್ತಾರು ಗೌರಮ್ಮಂದಿರು. ಮೊಬೈಲ್ ನಂಬರಿನಿಂದ ಹುಡುಕೋಣ ಅಂದರೆ ಇಡೀ ಮನೆಗೆಲ್ಲ ಮಗನ ಒಂದೇ ನಂಬರ್. ಅಷ್ಟರಲ್ಲಿ ಸಾಲು ಬಾಗಿಲು ದಾಟಿರುತ್ತದೆ. ಹೊಸದು ಮಾಡಿ ಕಳಿಸುತ್ತೇವೆ. ತಪ್ಪೇ, ಒಪ್ಪಿಕೊಳ್ಳುತ್ತೇನೆ. ನನ್ನ ಕೇಳಿದರೆ, ಸೇವ್ ಮಾಡುವ ಮುಂಚೆ ಹೆಸರು, ವಯಸ್ಸನ್ನು ಕನ್ನಡದಲ್ಲಿ ರೋಗಿಯ ಕಡೆಗೂ ತೋರಿಸುವ ಒಂದು ಸ್ಕ್ರೀನ್ ಬೇಕು. ಅರ್ಧ ತಪ್ಪು ಅಲ್ಲೇ ನಿಲ್ಲುತ್ತದೆ.

ಉತ್ತರ 2
ಆಯುಷ್ಮಾನ್ ಕಾರ್ಡ್ ಬೇರೆ, ಆಭಾ ಬೇರೆ. ಮೊದಲನೆಯದು ಚಿಕಿತ್ಸೆಯ ಖರ್ಚಿಗೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಆಭಾ ಅಂದರೆ ನಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸಲು ಇರುವ 14 ಅಂಕಿಯ ಗುರುತಿನ ನಂಬರ್. 2021ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆಲ್ಲ ಶುರುವಾದ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನದು. ಆಧಾರ್ ಇದ್ದರೆ ಪುಕ್ಕಟೆ ಆಗುತ್ತದೆ. ಕೆಲವು ಆಸ್ಪತ್ರೆಗಳಲ್ಲಿ ಕೌಂಟರ್ ಹತ್ತಿರ ಕ್ಯೂಆರ್ ಕೋಡ್ ಅಂಟಿಸಿರುತ್ತಾರೆ. ಆಭಾ ಆಪ್ ಇರುವ ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ನೇರ ಒಳಗೆ ಹೋಗಿ ಟೋಕನ್ ಬರುತ್ತದೆ. ಯಾರೂ ಟೈಪ್ ಮಾಡಬೇಕಿಲ್ಲ, ಹಾಗಾಗಿ ‘ಡಬ್ಲ್ಯೂ’ ಜಗಳವೂ ಇಲ್ಲ. ಆದರೆ ಆಭಾ ಮಾಡಿಸಿದ ಕೂಡಲೇ ಹಳೇ ರಿಪೋರ್ಟ್ ತಾನಾಗಿ ಬಂದು ಕೂರುವುದಿಲ್ಲ. ಆಸ್ಪತ್ರೆಯವರು ಅದಕ್ಕೆ ಜೋಡಿಸಬೇಕು. ಬೇರೆ ಆಸ್ಪತ್ರೆಯವರು ನೋಡಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಅಲ್ಲಿಯವರೆಗೆ ಚೀಟಿಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
ಇನ್ನೊಂದು ಕಥೆ ಕೇಳಿ. ಅತ್ತೆಯ ಆಧಾರಿಗೆ ಕೊಟ್ಟಿರುವುದು ನಮ್ಮ ಯಜಮಾನರ ಹಳೇ ಸಿಮ್. ಅದು ಬಂದ್ ಆಗಿ ಎಷ್ಟೋ ವರ್ಷ ಆಯಿತು. ಆಭಾ ಮಾಡಿಸುವಾಗ ಓಟಿಪಿ ಎಲ್ಲಿಗೆ ಬರಬೇಕು?

ಉತ್ತರ 2
ಹಾಗಾದರೆ ಮೊದಲು ಆಧಾರ್ ಕೇಂದ್ರ. ನಂಬರ್ ಬದಲಾಯಿಸಿ. ಹೆಸರಿನ ಸ್ಪೆಲಿಂಗ್ ಕೂಡ ಒಮ್ಮೆ ನೋಡಿಬಿಡಿ, ಆಭಾಗೆ ಅದೇ ಬರುತ್ತದೆ.

ಪ್ರಶ್ನೆ ಕೇಳಿದವರು
ಸೋಮವಾರ ಹೋಗುತ್ತೇವೆ. ಆಧಾರಿನಲ್ಲಿ ವಯಸ್ಸು 68 ಅಂತಲೇ ಇದೆ. ಅತ್ತೆಗೆ ಇನ್ನೂ ಹೇಳಿಲ್ಲ.