ಗಿಟಾರಲ್ಲಿ ಜಿ7 ಕಾರ್ಡ್ ಹಾಕಿದ್ರೆ ಸಿ ಕಾರ್ಡ್‌ಗೆ ವಾಪಸ್ ಹೋಗೋ ಫೀಲೇ ಬರ್ತಿಲ್ಲ, ಹೆಲ್ಪ್ ಮಾಡಿ

ತಂತಿಪ್ರಿಯ: ಮಾಮೂಲಿ ಓಪನ್ ಕಾರ್ಡ್ಸ್ (ಕೆಲವು ಸ್ಟ್ರಿಂಗ್ ಒತ್ತದೆ ಬಿಟ್ಟು, ಒಟ್ಟಿಗೆ ನುಡಿಸೋ ನೋಟುಗಳು) ಎಲ್ಲಾ ಕ್ಲೀನಾಗಿ ಬರುತ್ತೆ, ಸೆವೆಂತ್ ಅಂದ್ರೆ ಏಳನೇ ನೋಟು ಸೇರಿಸಿದ ತಕ್ಷಣ ಹಾಡೇ ಕೆಡುತ್ತೆ. ಸಿ, ಎಫ್, ಜಿ7, ಮತ್ತೆ ಸಿ, ಇಷ್ಟೇ ಇರೋದು, ಜಿ7 ಬಂದಾಗ ಏನೋ ತೇಲಾಡ್ದಂಗೆ ಇರುತ್ತೆ, ಸಿಗೆ ಎಳೆಯಲ್ಲ, ಹಾಡೋರ ಸ್ವರಕ್ಕೂ ಹೊಂದಲ್ಲ. ಟ್ಯೂನರ್‌ನಲ್ಲಿ ಎಲ್ಲಾ ಸರಿ ಇದೆ. ತಲೆ ಕೆಟ್ಟೋಗಿದೆ.

ಹಳೇಫ್ರೆಟ್: ಇಂಟೊನೇಷನ್ (ಫ್ರೆಟ್ ಒತ್ತಿದಾಗ ಸ್ವರ ಸರಿಯಾಗಿ ಬರೋದು) ಹೋಗಿದೆ, ಡೌಟೇ ಬೇಡ. 12ನೇ ಫ್ರೆಟ್ (ಗಿಟಾರ್ ಕತ್ತಿನ ಮೇಲಿರೋ ಲೋಹದ ಪಟ್ಟಿ) ಮೇಲೆ ಹಾರ್ಮೋನಿಕ್ (ಸ್ಟ್ರಿಂಗ್ ಒತ್ತದೆ ಬರೀ ಮುಟ್ಟಿ) ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ, ಎರಡೂ ಒಂದೇ ಬರ್ಬೇಕು. ಒತ್ತಿದ್ದು ಶಾರ್ಪ್ (ಸ್ವಲ್ಪ ಮೇಲೆ) ಬಂದ್ರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ಸ್ಟ್ರಿಂಗ್ ಕೂರೋ ತುಂಡು) ಹಿಂದಕ್ಕೆ ಸರಿಸಿ.

ಬೆರಳಾಟ: ಅಕೌಸ್ಟಿಕ್ ಆಗಿದ್ರೆ ಫಿಕ್ಸ್ ಆಗಿರೋ ಸ್ಯಾಡಲ್ ಎಲ್ಲಿಗೆ ಸರಿಸೋದು ಸರ್? ಮೊದ್ಲು ಯಾವ ಗಿಟಾರ್ ಅಂತ ಕೇಳಿ.

ಹಳೇಫ್ರೆಟ್: ಸ್ಟ್ರಿಂಗ್ ಹಳೇದಾದ್ರೂ ಇಂಟೊನೇಷನ್ ಕೆಡುತ್ತೆ, ಅದಕ್ಕೆ ಹೇಳಿದ್ದು. ನಾನು ನನ್ನ ಎಲೆಕ್ಟ್ರಿಕ್‌ಗೆ 10-46 ಸೈಜಿನ ಸ್ಟ್ರಿಂಗ್ ಸೆಟ್ ಹಾಕಿ ಆರೂ ಸ್ಯಾಡಲ್ ನಾನೇ ಸೆಟ್ ಮಾಡ್ಕೊಂಡಿದೀನಿ, ಎಲ್ಲಿ ಯಾವ ಕಾರ್ಡ್ ಹಿಡಿದ್ರೂ ಕ್ಲೀನ್.

ತಂತಿಪ್ರಿಯ: ಅಕೌಸ್ಟಿಕ್. ಹೊಸ ಸ್ಟ್ರಿಂಗ್ ಹಾಕಿದೆ, 12ನೇ ಫ್ರೆಟ್ ಕೂಡ ಕರೆಕ್ಟಾಗಿದೆ. ಪ್ರಾಬ್ಲಮ್ ಹಾಗೇ ಇದೆ.

ಮೂರನೇಸ್ವರ: ಜಿ7 ಹೇಗೆ ಹಿಡೀತೀರಾ? ಆರನೇ ಸ್ಟ್ರಿಂಗಿಂದ (ಅತಿ ದಪ್ಪದ್ದು) ಶುರು ಮಾಡಿ ಫ್ರೆಟ್ ನಂಬರ್ ಬರೀರಿ.

ತಂತಿಪ್ರಿಯ: 3-2-0-0-0-2 (0 ಅಂದ್ರೆ ಒತ್ತದೆ ಬಿಡೋದು). ಜಿ ಸ್ಕೇಲಲ್ಲಿ ಏಳನೇ ನೋಟು ಎಫ್ ಶಾರ್ಪ್ ತಾನೆ?

ಮೂರನೇಸ್ವರ: ಸಿಕ್ತು. ನೀವು ಹಿಡೀತಿರೋದು ಜಿ ಮೇಜರ್ 7. ಬರೀ 7 ಅಂತ ಇದ್ರೆ ಡಾಮಿನೆಂಟ್, ಅದರಲ್ಲಿ ಏಳನೇ ನೋಟು ಅರ್ಧ ಸ್ಟೆಪ್ (ಒಂದು ಫ್ರೆಟ್) ಕೆಳಗೆ. ಒಂದನೇ ಸ್ಟ್ರಿಂಗಲ್ಲಿ 2 ಬಿಟ್ಟು 1ನೇ ಫ್ರೆಟ್ ಒತ್ತಿ, ಎಫ್ ಬರುತ್ತೆ, ಅದು ಸಿ ಸ್ಕೇಲಲ್ಲೇ ಇರೋ ನೋಟು, ಹಾಡೋರಿಗೂ ಹೊಂದುತ್ತೆ. ಇನ್ನು ಆ ಎಳೆತ ಅಂದ್ರಲ್ಲ, ಕಾರ್ಡಲ್ಲಿರೋ ಬಿಗೂ ಈ ಎಫ್‌ಗೂ ಮಧ್ಯೆ ಮೂರು ಫುಲ್ ಸ್ಟೆಪ್ ಇದೆ, ಅದರಿಂದಾನೇ ಬರೋದು, ಬಿ ಅರ್ಧ ಸ್ಟೆಪ್ ಹತ್ತಿದ್ರೆ ಸಿ, ಎಫ್ ಅರ್ಧ ಸ್ಟೆಪ್ ಇಳಿದ್ರೆ ಇ, ಎರಡೂ ಸಿ ಕಾರ್ಡಲ್ಲಿವೆ. ಕರ್ನಾಟಕ ಸಂಗೀತ ಗೊತ್ತಿದ್ರೆ, ಜಿನೇ ಷಡ್ಜ ಅಂತ ಇಟ್ಕೊಳ್ಳಿ, ನೀವು ಹಾಕ್ತಿದ್ದಿದ್ದು ಕಾಕಲಿ ನಿಷಾದ (ಮೇಲಿನ ನಿ), ಬೇಕಿರೋದು ಕೈಶಿಕಿ (ಅರ್ಧ ಸ್ಟೆಪ್ ಕೆಳಗಿನ ನಿ).

ಬೆರಳಾಟ: ನಿಷಾದ ಎಲ್ಲಾ ತಂದು ಬಿಗಿನರ್ಸ್‌ನ ಹೆದರಿಸ್ಬೇಡಿ, ಶೇಪ್ ಬಾಯಿಪಾಠ ಮಾಡಿದ್ರೆ ಸಾಕು.

ಮೂರನೇಸ್ವರ: ಸಾಕಾಗಲ್ಲ. ಡಿ7, ಡಿ ಮೇಜರ್ 7 ನೋಡಿ, ಎರಡನೇ ಸ್ಟ್ರಿಂಗಲ್ಲಿ 1 ಇದ್ರೆ ಡಿ7, 2 ಇದ್ರೆ ಡಿ ಮೇಜರ್ 7. ಯಾಕೆ ಅಂತ ತಿಳೀದಿದ್ರೆ ಅಲ್ಲೂ ಇದೇ ತೊಂದ್ರೆ.

ಹಳೇಫ್ರೆಟ್: ಆದ್ರೂ ಇಂಟೊನೇಷನ್ ಒಂದ್ಸಲ ತೋರಿಸಿ.

ತಂತಿಪ್ರಿಯ: ಬಂತು!! ಈಗ ಸಿಗೆ ತಾನಾಗೇ ಹೋಗ್ತಿದೆ, ತುಂಬಾ ಥ್ಯಾಂಕ್ಸ್. ಇನ್ನೊಂದು, ಬಿ7 ಐದನೇ ಸ್ಟ್ರಿಂಗಿಂದ 2-1-2-0-2 ಹಿಡಿದಾಗ ಎರಡನೇ ಸ್ಟ್ರಿಂಗ್ ಸೌಂಡೇ ಬರಲ್ಲ, ಏನ್ ಮಾಡ್ಲಿ?

ಹಳೇಫ್ರೆಟ್: ಆಕ್ಷನ್ (ಫ್ರೆಟ್‌ನಿಂದ ಸ್ಟ್ರಿಂಗ್‌ಗೆ ಇರೋ ಎತ್ತರ) ಜಾಸ್ತಿ ಇರುತ್ತೆ. 12ನೇ ಫ್ರೆಟ್ ಹತ್ರ ಸ್ಟ್ರಿಂಗ್ ಎಷ್ಟು ಎತ್ತರ ಇದೆ ಅಳೆದು ಹಾಕಿ.